ಚಕ್ರವಿರುವ ಮನೆಗೆ ಆಡಲು ಹೋಗುವ ಕುರಿತು

ನಮ್ಮ ಪುರಸಭೆಯ ಶಾಲಾ ವಿಭಾಗದ ನಿರ್ದೇಶಕರಿಗೆ, ಊರಿನವರೆಲ್ಲರ ಸಮಕ್ಷಮದಲ್ಲಿ

ಮಾನ್ಯರೇ,

ಇಂದು ಬೆಳಿಗ್ಗೆ ನನ್ನ ಎರಡನೇ ತರಗತಿಯ ಆಸ್ಗರ್ ಬೆನ್ನುಚೀಲದಿಂದ ಓದುವ ಪುಸ್ತಕದ ಬದಲು ಒಂದು ರಸಮಟ್ಟವನ್ನು ಹೊರಗೆಳೆದ. ಗಾರೆಯವರು ಗೋಡೆ ಮಟ್ಟವಾಗಿದೆಯೇ ಎಂದು ನೋಡಲು ಇಡುತ್ತಾರಲ್ಲ, ಅದೇ: ಹಳದಿ ಪಟ್ಟಿ, ನಡುವೆ ಹಸಿರು ನೀರಿನ ಪುಟ್ಟ ಕೊಳವೆ, ಅದರೊಳಗೆ ತನ್ನ ಜಾಗ ಹುಡುಕುತ್ತ ಅಲೆಯುವ ಒಂದು ಗುಳ್ಳೆ. ಎಂಟು ವರ್ಷದ ಹುಡುಗನ ಕೈಗೆ ಇಂಥದ್ದು ಸಿಕ್ಕಮೇಲೆ ಕೇಳಬೇಕೆ? ಮೇಜು, ಕಿಟಕಿಯ ಅಂಚು, ಅಕ್ವೇರಿಯಮ್ಮಿನ ಮುಚ್ಚಳ, ಪಕ್ಕದವಳ ನೆತ್ತಿ, ಕೊನೆಗೆ ಕುರ್ಚಿ ಹತ್ತಿ ನನ್ನ ನೆತ್ತಿ. ನನ್ನ ತಲೆ ಎಡಕ್ಕೆ ವಾಲಿದೆಯಂತೆ. ಅದು ನನಗೆ ಮೊದಲೇ ಗೊತ್ತಿತ್ತು. ಆದರೆ ಅವನು ನೆಲದ ಮೇಲೆ ಮಕಾಡೆ ಮಲಗಿ, ನನ್ನನ್ನು ಹೆಸರು ಹಿಡಿದು ಕರೆದು, "ವಿಬೆ, ನಮ್ಮ ಶಾಲೆನೇ ವಾಲಿದೆ! ಸಮುದ್ರದ ಕಡೆಗೆ! ನಾವೆಲ್ಲ ಜಾರ್ತಾ ಇದೀವಿ!" ಎಂದು ಕೂಗಿದ್ದೇ ತಡ, ಇಡೀ ತರಗತಿ ಮೇಜಿನ ಕಾಲು ಹಿಡಿದುಕೊಂಡು ಜಾರತೊಡಗಿತು. ಗಣಿತದ ಅವಧಿ ಅಲ್ಲಿಗೆ ಮುಗಿಯಿತು.

ಶಾಲೆಯ ಕಟ್ಟಡ ವಾಲಿರುವ ಬಗ್ಗೆ ತಾವು ಯೋಚಿಸಬೇಕಾಗಿಲ್ಲ. ಮಕ್ಕಳು ಅದಕ್ಕೆ ಹೊಂದಿಕೊಂಡಿದ್ದಾರೆ. ನನ್ನ ದೂರು ಬೇರೆ. ಆ ರಸಮಟ್ಟ ಶಾಲೆಗಾಗಿ ತಂದದ್ದಲ್ಲ, ಗುರುವಾರಕ್ಕಾಗಿ ತಂದದ್ದು. ಗುರುವಾರ ಆಸ್ಗರ್ ಮತ್ತು ಉಬಾ, ತಮ್ಮ ಗೆಳತಿ ತಿಲ್ದೆಯ ಮನೆಗೆ ಆಡಲು ಹೋಗಬೇಕು. ತಿಲ್ದೆ ಮೊದಲ ಬಾರಿಗೆ ಯಾರನ್ನಾದರೂ ತನ್ನ ಮನೆಗೆ ಕರೆದಿದ್ದಾಳೆ. ಮತ್ತು ತಾವು, ಕಳೆದ ವಾರದ ತಮ್ಮ ಸುತ್ತೋಲೆಯಲ್ಲಿ, ಅದನ್ನು ನಿಷೇಧಿಸಿದ್ದೀರಿ. ಘನತೆಯ ಹೆಸರಿನಲ್ಲಿ. ತಿಲ್ದೆಯದೇ ಘನತೆಯ ಹೆಸರಿನಲ್ಲಿ!

ಇದನ್ನು ತಮ್ಮ ಎದುರಿಗೇ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಬಹುದಿತ್ತು. ಆದರೆ ಬೇಕರಿಯಲ್ಲಿ ಯಾವ ಬ್ರೆಡ್ ಬೇಕೆಂದು ಹೇಳಲು ಸಾಲಿನಲ್ಲಿ ನಿಂತು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಳ್ಳುವವಳು ನಾನು. ಸಾಹಿತ್ಯ ಓದಿದವಳು, ಎದುರಿಗೆ ಮನುಷ್ಯರಿಲ್ಲದಿದ್ದರೆ ಚೆನ್ನಾಗಿ ಮಾತಾಡುತ್ತೇನೆ. ಶಿಕ್ಷಕರ ಸಭೆಗಳಲ್ಲಿ ನಾನು ಆಡಿದ ಅತಿ ದೀರ್ಘ ಮಾತು "ಹಾಲು ಮುಗಿದಿದೆ" ಎಂಬುದು. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ನನ್ನ ಕಿವಿ ಕೆಂಪಾಗುವುದನ್ನು ನೋಡಲಾರರು.

ತಮಗೆ ಮಕ್ಕಳಿದ್ದಾರೋ ಇಲ್ಲವೋ ತಿಳಿಯದು. ಇರಲಿ, ಡೆನ್ಮಾರ್ಕಿನಲ್ಲಿ ಬೆಳೆದವರಿಗೆ ಆಟದ ಗುಂಪು ಎಂದರೇನೆಂದು ವಿವರಿಸಬೇಕಿಲ್ಲ. ಆದರೂ ತಮ್ಮ ಸುತ್ತೋಲೆ ಓದಿದಮೇಲೆ ವಿವರಿಸುವುದೇ ಒಳ್ಳೆಯದು ಅನಿಸುತ್ತಿದೆ. ತರಗತಿಯ ಮಕ್ಕಳನ್ನು ಮೂರು, ನಾಲ್ಕು ಜನರ ಗುಂಪು ಮಾಡುತ್ತೇವೆ. ಬೇಕೆಂದೇ, ತಾವಾಗಿ ಎಂದೂ ಒಟ್ಟಿಗೆ ಆಡದವರನ್ನು ಸೇರಿಸುತ್ತೇವೆ. ಶಾಲೆ ಬಿಟ್ಟಮೇಲೆ ಒಂದು ದಿನ ಎಲ್ಲರೂ ಒಬ್ಬರ ಮನೆಗೆ ಹೋಗುತ್ತಾರೆ. ಬನ್ನು ತಿನ್ನುತ್ತಾರೆ, ಆಡುತ್ತಾರೆ, ಏನನ್ನಾದರೂ ಒಡೆಯುತ್ತಾರೆ, ಸಂಜೆ ತಮ್ಮ ತಮ್ಮ ಮನೆಗೆ ಮರಳುತ್ತಾರೆ. ಮುಂದಿನ ಸಲ ಇನ್ನೊಬ್ಬರ ಮನೆ. ಅಷ್ಟೇ. ಗುಡ್ಡದ ಮೇಲಿನ ತೋಟದ ಮನೆಯವರೂ, ಬಂದರಿನ ಹತ್ತಿರದ ಎತ್ತರದ ಕಟ್ಟಡಗಳವರೂ ಪರಸ್ಪರರ ಬಚ್ಚಲುಮನೆ ಎಲ್ಲಿದೆಯೆಂದು ತಿಳಿದುಕೊಳ್ಳಲು ನಮ್ಮ ಊರಿನಲ್ಲಿ ಉಳಿದಿರುವ ದಾರಿ ಇದೊಂದೇ.

ನಾನು ಹೇಳುತ್ತಿರುವ ಗುಂಪಿನಲ್ಲಿ ಮೂವರು. ಆಸ್ಗರ್ ಗುಡ್ಡದ ಮೇಲಿನವನು: ಟ್ರ್ಯಾಂಪೊಲಿನ್ ಇದೆ, ತಾನೇ ಓಡಾಡಿ ಹುಲ್ಲು ಕತ್ತರಿಸುವ ಯಂತ್ರವಿದೆ, ಆ ಯಂತ್ರಕ್ಕೆ ಹೆಸರೂ ಇದೆ. ಉಬಾ ಬಂದರಿನ ಕಟ್ಟಡದ ಆರನೇ ಮಹಡಿಯವಳು. ಅವಳ ಮನೆಯವರು ಸೊಮಾಲಿಯಾದಿಂದ ಬಂದವರು. ಅವಳು ಮಾತ್ರ ಇಲ್ಲಿಯೇ ಹುಟ್ಟಿದವಳು, ನಮ್ಮೆಲ್ಲರಿಗಿಂತ ವೇಗವಾಗಿ ಡ್ಯಾನಿಶ್ ಮಾತಾಡುವವಳು. ತಿಲ್ದೆ ತನ್ನ ಅಪ್ಪನ ಜೊತೆ ಇರುತ್ತಾಳೆ. ಎಲ್ಲಿ ಎಂಬುದನ್ನು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ತನ್ನ ಮನೆಯ ಸರದಿ ಬಂದಾಗಲೆಲ್ಲ ಅವಳಿಗೆ ಕಾಯಿಲೆಯಾಗುತ್ತಿತ್ತು. ಒಮ್ಮೆ ಜ್ವರ, ಒಮ್ಮೆ ಕಿವಿನೋವು, ಒಮ್ಮೆ, ಅವಳದೇ ಮಾತಿನಲ್ಲಿ, "ಅಪ್ಪನಿಗೆ ಹಲ್ಲು ಬರ್ತಾ ಇದೆ." ನಾವು ಯಾರೂ ಏನೂ ಕೇಳಲಿಲ್ಲ. ನಮ್ಮ ಊರಿನವರು ಕೇಳುವುದಿಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೂ, ಅವರು ಬೇಕೆಂದೇ ಹಚ್ಚಿಕೊಂಡಿರಬಹುದು, ನಮಗೇಕೆ ಎಂದು ಪರದೆ ಎಳೆಯುವಷ್ಟು ಸೌಜನ್ಯ ನಮ್ಮದು.

ಈ ಸೌಜನ್ಯ ಎಂಥ ಮಾರಕ ಆಯುಧ ಎಂಬುದಕ್ಕೆ ಮೊದಲು ಆಸ್ಗರನ ಮನೆಯ ಕತೆ ಕೇಳಿ. ಅವನ ತಾಯಿ ಪೆರ್ನಿಲ್ಲೆ ಬಹಳ ಒಳ್ಳೆಯವರು. ಉಬಾ ಬರುತ್ತಾಳೆಂದು ವಾರವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ, ಹಿಟ್ಟು ಹುಳಿಬರಿಸಿ, ಸೊಮಾಲಿ ದೋಸೆ ಮಾಡಿದ್ದರು. ಅದು ಕಾವಲಿ ಬಿಟ್ಟು ಏಳಲಿಲ್ಲವಂತೆ; ಎದ್ದದ್ದು ನೆಲ ಒರೆಸುವ ಬಟ್ಟೆಯ ಆಕಾರದಲ್ಲಿತ್ತಂತೆ. ಆ ಮನೆಯಲ್ಲಿ ಬಿಸಿ ಬನ್ನು ಮತ್ತು ಬೆಣ್ಣೆ ಸಿಗುತ್ತದೆಂದು ಬೆಳಿಗ್ಗೆಯಿಂದ ಹಸಿದುಕೊಂಡು ಬಂದಿದ್ದ ಉಬಾ ತಟ್ಟೆಯನ್ನು ಬಹಳ ಹೊತ್ತು ನೋಡಿ, ಮರ್ಯಾದೆಯಿಂದ ಕೇಳಿದಳು: "ಪೆರ್ನಿಲ್ಲೆ, ಇದನ್ನ ಯಾವ ದೇಶದಲ್ಲಿ ತಿಂತಾರೆ?"

ಪೆರ್ನಿಲ್ಲೆ ಇದನ್ನು ನನಗೆ ಹೇಳುವಾಗ ಸೈಕಲ್ಲಿನ ಹ್ಯಾಂಡಲ್ ಮೇಲೆ ತಲೆಯಿಟ್ಟು ನಗುತ್ತಿದ್ದರು. "ಅವಳ ಅಜ್ಜಿಗೆ ಹೇಳ್ಬೇಡ ಮಾರಾಯ್ತಿ" ಎಂದರು. ನಾನು ಹೇಳಲಿಲ್ಲ. ಉಬಾ ಆಗಲೇ ಹೇಳಿದ್ದಳು.

ಮುಂದಿನ ಸರದಿ ಉಬಾಳದು. ತಾಯಿಗೆ ಆಸ್ಪತ್ರೆಯಲ್ಲಿ ಪಾಳಿ ಇತ್ತು. ಅಜ್ಜಿಗೆ ಡ್ಯಾನಿಶ್ ಅಷ್ಟಕ್ಕಷ್ಟೇ. ಹಾಗಾಗಿ ಮಕ್ಕಳನ್ನು ಕರೆದುಕೊಂಡು ನಾನೇ ಹೋದೆ. ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಹೋದರೆ ಮೇಜಿನ ತುಂಬ ಸಂಬೂಸ, ಹಲ್ವ, ಬಾಳೆಹಣ್ಣು. ಇವೆಲ್ಲವುಗಳಿಂದ ಮಾರು ದೂರದಲ್ಲಿ, ಮೇಜಿನ ಕಟ್ಟಕಡೆಯ ಮೂಲೆಯಲ್ಲಿ, ಬೇರೊಂದು ಬಟ್ಟೆಯ ಮೇಲೆ, ಒಂಟಿಯಾಗಿ, ಒಂದು ಡಬ್ಬಿ ಹಂದಿಯ ಪಿತ್ತಜನಕಾಂಗದ ಪೇಸ್ಟು. ಅದರ ಚಮಚದ ಹಿಡಿಗೆ ಕಾಗದ ಸುತ್ತಿತ್ತು, ಎಲ್ಲಾದರೂ ಯಾರದಾದರೂ ಕೈಗೆ ಸೋಂಕೀತೆಂದು.

"ಅಯೇಯೊ ಅಂಗಡಿಯಿಂದ ಇಕ್ಕಳದಲ್ಲಿ ಹಿಡ್ಕೊಂಡು ಬಂದ್ರು" ಎಂದಳು ಉಬಾ, ಅಭಿಮಾನದಿಂದ. ಅಯೇಯೊ ಎಂದರೆ ಅವರ ಮಾತಿನಲ್ಲಿ ಅಜ್ಜಿ. "ಡ್ಯಾನಿಶ್ ಮಕ್ಕಳು ಇದು ಬಿಟ್ರೆ ಬೇರೇನೂ ತಿನ್ನಲ್ಲ ಅಂತ ಯಾರೋ ಹೇಳಿದ್ರಂತೆ. ನಮ್ಮ ಮನೆಗೆ ಬಂದ ಮಗು ಹಸ್ಕೊಂಡು ಹೋಗ್ಬಾರ್ದು ಅಂತ ತಂದ್ರು. ಆಮೇಲೆ ಮೂರು ಸಲ ಕೈ ತೊಳ್ಕೊಂಡ್ರು."

ಆಸ್ಗರ್ ಅದನ್ನು ನೋಡಿ ಬಿಳಚಿಕೊಂಡ. "ನಾನು ಸಸ್ಯಾಹಾರಿ" ಎಂದ. ಟೀವಿಯಲ್ಲಿ ಒಂದು ಕುರಿಮರಿಯನ್ನು ನೋಡಿದಂದಿನಿಂದ ಅವನು ಸಸ್ಯಾಹಾರಿ. (ಮೂರನೇ ಸಂಬೂಸದ ಹೊತ್ತಿಗೆ ಅದು ಮರೆತುಹೋಗಿತ್ತು. ಒಳಗಿದ್ದದ್ದು ಕುರಿ ಎಂದು ನಾನು ಹೇಳಲಿಲ್ಲ. ನಾನು ಮಾತು ಕಮ್ಮಿ ಎಂದು ಮೊದಲೇ ತಿಳಿಸಿದ್ದೇನೆ.) ಡಬ್ಬಿ ಹಾಗೆಯೇ ಉಳಿಯಿತು. ಅಜ್ಜಿಯ ಮುಖ ಸಣ್ಣದಾಯಿತು. ಆಗ ತಿಲ್ದೆ ಎದ್ದು ಮೇಜಿನ ಆ ಮೂಲೆಗೆ ಹೋಗಿ ಕುಳಿತು, ರೈ ಬ್ರೆಡ್ಡಿಗೆ ಸವರಿ ಸವರಿ ಇಡೀ ಡಬ್ಬಿಯನ್ನು ತಿಂದು ಮುಗಿಸಿದಳು. ಕೊನೆಯ ತುತ್ತಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ಅಜ್ಜಿ ಗೆದ್ದವರ ಹಾಗೆ ನನ್ನ ಕಡೆ ನೋಡಿದರು: ನೋಡಿದೆಯಾ, ಇದನ್ನೇ ತಿನ್ನೋದು!

ಅದೇ ಪ್ರೀತಿಯಲ್ಲಿ ಅಜ್ಜಿ ಅವಳಿಗೆ ಚಹಾ ಬಗ್ಗಿಸುತ್ತ, ನಾವು ಯಾರೂ ಎರಡು ವರ್ಷ ಕೇಳದ್ದನ್ನು ಎರಡೇ ನಿಮಿಷದಲ್ಲಿ ಕೇಳಿಬಿಟ್ಟರು. ಉಬಾ ಅನುವಾದಿಸಿದಳು: "ನಿಮ್ಮ ಮನೆಗೆ ಯಾವಾಗ ಕರೀತೀಯಾ ಅಂತ ಕೇಳ್ತಾ ಇದಾರೆ. ನಿಮ್ಮ ಮನೆ ಎಲ್ಲಿದೆ?"

ನನಗೆ ಸೋಫಾದ ದಿಂಬುಗಳ ನಡುವೆ ಹುದುಗಿಹೋಗೋಣ ಅನಿಸಿತು. ತಿಲ್ದೆ ಕುತ್ತಿಗೆಯವರೆಗೂ ಕೆಂಪಾದಳು. ಲೋಟವನ್ನು ಮೇಜಿನ ಅಂಚಿಗೆ ಸರಿಸಿದಳು.

"ನಮ್ಮದು ಮನೆ ಅಲ್ಲ" ಎಂದಳು. "ಅದಕ್ಕೆ ಚಕ್ರ ಇದೆ."

ಉಬಾ ಅನುವಾದಿಸಿದಳು. ಅಜ್ಜಿ ಚಹಾದ ಪಾತ್ರೆಯನ್ನು ಕೆಳಗಿಟ್ಟರು.

"ಎಷ್ಟು ಚಕ್ರ?"

"ಎರಡು. ಮುಂದುಗಡೆ ಇನ್ನೊಂದು ಚಿಕ್ಕದು."

"ಎಳೆಯೋದು ಯಾರು?"

"ಅಪ್ಪನ ಕಾರು. ಆದ್ರೆ ಅದು ಈಗ ಕೆಟ್ಟಿದೆ."

"ಹೂಂ. ಒಂಟೆನೂ ಕೆಡ್ತಿತ್ತು" ಎಂದರು ಅಜ್ಜಿ, ತೀರ ಸಹಜವಾಗಿ, ಇಬ್ಬರು ಗ್ಯಾರೇಜಿನವರು ಮಾತಾಡಿಕೊಳ್ಳುವ ಹಾಗೆ. "ನಾನು ನಿನ್ನಷ್ಟಿದ್ದಾಗ ನಮ್ಮ ಮನೆ ಎರಡು ಒಂಟೆ ಮೇಲೆ ಹೋಗ್ತಿತ್ತು. ಕೋಲು, ಚಾಪೆ, ಮಡಕೆ, ಎಲ್ಲಾ. ಒಂದು ಒಂಟೆ ಮನೇನ ಹೊತ್ಕೊಳ್ತಿತ್ತು. ಇನ್ನೊಂದು ನಮ್ಮಮ್ಮನ ಮೇಲೆ ಸಿಟ್ಟು ಹೊತ್ಕೊಳ್ತಿತ್ತು. ಈ ದೇಶಕ್ಕೆ ಬಂದು ನೋಡಿದ್ರೆ ಎಲ್ಲರೂ ಮನೇನ ಗಿಡದ ಹಾಗೆ ನೆಲಕ್ಕೆ ನೆಟ್ಟುಬಿಟ್ಟಿದಾರೆ. ನನ್ನನ್ನೂ ತಂದು ಆಕಾಶದಲ್ಲಿ ನೆಟ್ರು. ಅಂತೂ ಇಷ್ಟು ವರ್ಷಕ್ಕೆ ಸರಿಯಾದ ಮನೆ ಇರೋಳು ಒಬ್ಳು ಸಿಕ್ಲು!"

ಉಬಾ ಉಸಿರು ಬಿಡದೆ ಅನುವಾದಿಸುತ್ತಿದ್ದಳು. ತಿಲ್ದೆ ತಲೆ ಎತ್ತಿದಳು. ಅಷ್ಟರಲ್ಲಿ ಮೇಜಿನ ಈ ಕಡೆ ಆಸ್ಗರ್ ಅಳತೊಡಗಿದ್ದ. ನಿಜವಾದ ಅಳು, ಮೂಗು ಸೋರುವಂಥದ್ದು.

"ಇದು ಅನ್ಯಾಯ!" ಎಂದ. "ನಮ್ಮ ಮನೆ ಎಲ್ಲಿಗೂ ಹೋಗಲ್ಲ!"

ತಿಲ್ದೆಗೆ ಪಾಪ ಅನಿಸಿರಬೇಕು. ಅವನಿಗೆ ಸಮಾಧಾನ ಹೇಳತೊಡಗಿದಳು. ಚಕ್ರವಿದ್ದರೆ ಕಷ್ಟವೂ ಇದೆ, ಸುಮ್ಮನೆ ನಿಲ್ಲಿಸಿದರಾಗಲಿಲ್ಲ, ನಾಲ್ಕು ಮೂಲೆಗೂ ಕಬ್ಬಿಣದ ಕಾಲು ಇಳಿಸಬೇಕು, ರಸಮಟ್ಟ ಇಟ್ಟು ಗುಳ್ಳೆ ಸರಿಯಾಗಿ ನಡುವೆ ಬರುವವರೆಗೆ ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ತಟ್ಟೆಯ ಬಟಾಣಿಯೆಲ್ಲ ಅಪ್ಪನ ಕಡೆ ಉರುಳುತ್ತದೆ. "ಮಳೆ ಬಂದ್ರೆ ಹುಲ್ಲು ಮೆತ್ತಗಾಗಿ ಮತ್ತೆ ವಾಲುತ್ತೆ. ಮಟ್ಟ ನೋಡೋದು ನನ್ನ ಕೆಲಸ. ಅಪ್ಪನಿಗೆ ಬರಲ್ಲ, ಅವನು ಅಂದಾಜಿನ ಮೇಲೆ ಮಾಡ್ತಾನೆ." ಅಷ್ಟು ಉದ್ದ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕೊನೆಗೆ, ಯಾರೂ ಕೇಳದಿದ್ದರೂ, ಅವಳೇ ಹೇಳಿದಳು: "ಬೇಕಾದ್ರೆ ನೀವು ಬಂದು ನೋಡಿ. ಮುಂದಿನ ಸಲ ನಮ್ಮಲ್ಲೇ."

ಅಜ್ಜಿಯೂ ಬರುತ್ತಾರಂತೆ. ಕಾಲು ನೋವು, ಆದರೂ ಬರುತ್ತಾರಂತೆ.

ಮಾನ್ಯರೇ, ಅಂದು ಸಂಜೆ ನಾನು ಮನೆಗೆ ಹೋಗುವಾಗ ಕೊಲ್ಲಿಯ ದಂಡೆಯುದ್ದಕ್ಕೂ ಎದುರು ಗಾಳಿ ಇತ್ತು. ಆದರೂ ಸೈಕಲ್ಲು ತಾನೇ ಓಡುತ್ತಿದೆ ಅನಿಸುತ್ತಿತ್ತು. ಒಬ್ಬಳೇ ಗಟ್ಟಿಯಾಗಿ ನಗುತ್ತಿದ್ದೆ. ನಾಯಿ ಅಡ್ಡಾಡಿಸುತ್ತಿದ್ದ ಒಬ್ಬರು ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ನಾನು ಓದಿದ್ದೆಲ್ಲ ಮನುಷ್ಯರು ಪರಸ್ಪರರನ್ನು ತಲುಪಲಾರರು ಎಂಬುದರ ಬಗ್ಗೆಯೇ. ಅದೂ ಬಹಳ ಸುಂದರವಾದ ವಾಕ್ಯಗಳಲ್ಲಿ. ಒಂಟೆ ಕೆಡುವ ವಿಷಯ ಯಾವ ಪಠ್ಯದಲ್ಲೂ ಇರಲಿಲ್ಲ.

ನಂತರ ಬಂದಿತು ತಮ್ಮ ಸುತ್ತೋಲೆ.

ಯಾರೋ ಸಲಹೆಗಾರರು ತಮಗೊಂದು ವರದಿ ಕೊಟ್ಟಿದ್ದಾರಂತೆ. ಆಟದ ಗುಂಪುಗಳ ಭೇಟಿಯಲ್ಲಿ "ಮನೆಮನೆಗಳ ನಡುವಿನ ಆರ್ಥಿಕ ಮತ್ತು ಸಾಂಸ್ಕೃತಿಕ ವ್ಯತ್ಯಾಸಗಳು ಮಕ್ಕಳಿಗೆ ಗೋಚರವಾಗುತ್ತಿವೆ" ಎಂದು ಅದರಲ್ಲಿದೆಯಂತೆ. ಎಂಥ ಸಂಶೋಧನೆ! ಮಕ್ಕಳಿಗೆ ಕಣ್ಣಿದೆ ಎಂಬುದನ್ನು ಕಂಡುಹಿಡಿಯಲು ಪುರಸಭೆ ಎಷ್ಟು ಖರ್ಚು ಮಾಡಿತೆಂದು ನಾನು ಕೇಳುವುದಿಲ್ಲ. ಆದ್ದರಿಂದ, "ಪ್ರತಿಯೊಂದು ಮಗುವಿನ ಘನತೆಯನ್ನು ಕಾಪಾಡುವ ದೃಷ್ಟಿಯಿಂದ", ಭೇಟಿಗಳು ಇನ್ನು ಮುಂದೆ "ಸೂಕ್ತ ಚೌಕಟ್ಟು ಇರುವ" ಮನೆಗಳಲ್ಲಿ ಮಾತ್ರ ನಡೆಯತಕ್ಕದ್ದು. ಚೌಕಟ್ಟು ಎಂದರೆ: ಖಾಯಂ ಅಡಿಪಾಯ, ಮಗುವಿಗೆ ಪ್ರತ್ಯೇಕ ಕೋಣೆ, ಮನೆಯೊಳಗೇ ಶೌಚಾಲಯ. ಇವು ಇಲ್ಲದವರು ಬೇಸರಪಡಬೇಕಿಲ್ಲ. ಅವರಿಗೆ ಪುರಭವನದ ಸಭಾಕೋಣೆಯನ್ನು ಉಚಿತವಾಗಿ ಕೊಡಲಾಗುವುದು.

ಆ ಸಭಾಕೋಣೆಯನ್ನು ನಾನು ಹೋಗಿ ನೋಡಿ ಬಂದೆ. ಬೂದು ಬಣ್ಣದ ನೆಲಹಾಸು. ಹದಿನಾಲ್ಕು ಕುರ್ಚಿ. ಗೋಡೆಯ ಮೇಲೆ "ಕುರ್ಚಿಗಳನ್ನು ಇದ್ದಲ್ಲಿಯೇ ಬಿಡಿ" ಎಂಬ ಫಲಕ. ಮೇಜಿನ ನಡುವೆ ಸಕ್ಕರೆಯಿಲ್ಲದ ಪುದೀನ ಗುಳಿಗೆಗಳ ಬಟ್ಟಲು. ತಾವು ಎಂದಾದರೂ ಎಂಟು ವರ್ಷದವರಾಗಿದ್ದಿರಾ? ಆಗಿದ್ದರೆ ಹೇಳಿ, ಅಲ್ಲಿ ಏನು ಆಡುವುದು? ವಾರ್ಷಿಕ ಆಯವ್ಯಯದ ಆಟವೇ? ಮತ್ತು ಯಾವ ಮಗುವಿಗೆ ಸರಿಯಾದ ಮನೆಯಿಲ್ಲ ಎಂಬುದು ಇದುವರೆಗೆ ಅದರ ಇಬ್ಬರು ಮೂವರು ಗೆಳೆಯರಿಗೆ ಮಾತ್ರ ತಿಳಿಯಬಹುದಾಗಿತ್ತು. ಇನ್ನು ಮೇಲೆ ಸಭಾಕೋಣೆಗೆ ಹೋಗುವ ಮಕ್ಕಳು ಯಾರೆಂದು ಇಡೀ ಶಾಲೆಗೆ ತಿಳಿಯುತ್ತದೆ. ಘನತೆ ಕಾಪಾಡುವುದೆಂದರೆ ಇದೇ ಇರಬೇಕು.

ನಾನು ತಮ್ಮ ಕಚೇರಿಗೆ ಫೋನ್ ಕೂಡ ಮಾಡಿದೆ. ಇದು ನನ್ನ ಪಾಲಿಗೆ ಎಷ್ಟು ದೊಡ್ಡ ವಿಷಯವೆಂದು ನನ್ನ ಅಮ್ಮನನ್ನು ಕೇಳಿ ತಿಳಿಯಬಹುದು. ತಮ್ಮ ಸಿಬ್ಬಂದಿಯೊಬ್ಬರು ಬಹಳ ಸಾವಧಾನದಿಂದ ಮಾತಾಡಿದರು.

"ಆ ಮನೆಗೆ ಅಡಿಪಾಯ ಇದೆಯಾ?"

"ಇಲ್ಲ. ಆದ್ರೆ ಮಟ್ಟವಾಗಿದೆ."

"ಮಗುವಿಗೆ ಬೇರೆ ಕೋಣೆ?"

"ಇರೋದೇ ಒಂದು ಕೋಣೆ."

"ಓ. ಹಾಗಾದ್ರೆ ಮಗು ಎಲ್ಲಿರುತ್ತೆ?"

"ಅಪ್ಪನ ಹತ್ರ" ಎಂದೆ. ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಅದಕ್ಕೆ ಅವರ ಹತ್ತಿರ ಖಾನೆ ಇರಲಿಲ್ಲವೆಂದು ಕಾಣುತ್ತದೆ.

ಈಗ ತಮಗೆ ಇನ್ನೊಂದು ಸಂಗತಿ ತಿಳಿಸಬೇಕು. ಇದನ್ನು ತಿಲ್ದೆಯ ಅಪ್ಪ ರೊನ್ನಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಕ್ಕಳ ಹೆಸರುಗಳನ್ನೂ ದೊಡ್ಡವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಯಾರು ಯಾರಾಗಬೇಕೆಂದು ಆರಿಸಿದವರು ಅವರವರೇ. ರೊನ್ನಿ ಮೀನಿನ ಹರಾಜುಕಟ್ಟೆಯಲ್ಲಿ ಕೆಲಸ ಮಾಡುತ್ತಾರೆ. ಮದುವೆ ಮುರಿದಮೇಲೆ ಮನೆಗಾಗಿ ತಮ್ಮದೇ ಪುರಭವನದ ಎರಡನೇ ಮಹಡಿಗೆ, ವಸತಿ ವಿಭಾಗಕ್ಕೆ, ಅರ್ಜಿ ಹಾಕಿದರು. ಮನೆ ಸಿಗುವವರೆಗೆ ಕೊಲ್ಲಿಯ ದಂಡೆಯ ಪ್ರವಾಸಿ ಶಿಬಿರದಲ್ಲಿ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಅವರ ಕ್ಯಾರವಾನಿನಲ್ಲೇ ಇರಬಹುದು, ತಂದೆ ಮತ್ತು ಮಗಳ ವಾಸಕ್ಕೆ ಅದು ಯೋಗ್ಯವಾಗಿದೆ ಎಂದು ಎರಡನೇ ಮಹಡಿಯವರು ಹೇಳಿದರು. ಈಗ ಮೂರನೇ ಮಹಡಿಯವರಾದ ತಾವು, ಅಲ್ಲಿ ಒಂದು ಮಗು ಎರಡು ಗಂಟೆ ಕುಳಿತು ಬನ್ನು ತಿನ್ನುವುದಕ್ಕೆ ಅದು ಯೋಗ್ಯವಲ್ಲ ಎನ್ನುತ್ತಿದ್ದೀರಿ. ಹಾಗಾದರೆ ತಿಲ್ದೆ ಅಲ್ಲಿ ಮಲಗಬಹುದು, ಓದಬಹುದು, ಬೆಳೆಯಬಹುದು, ಗೆಳತಿಯನ್ನು ಮಾತ್ರ ಕರೆಯುವಂತಿಲ್ಲ. ಸ್ವಾಮೀ, ತಮ್ಮ ಎರಡು ಮಹಡಿಗಳ ನಡುವೆ ಮೆಟ್ಟಿಲಿಲ್ಲವೇ? ಬೇಕಾದರೆ ನಾವೇ ಒಂದು ಆಟದ ಗುಂಪು ಮಾಡಿಕೊಡುತ್ತೇವೆ. ಒಮ್ಮೆ ಅವರು ತಮ್ಮಲ್ಲಿಗೆ ಬರಲಿ, ಒಮ್ಮೆ ತಾವು ಅವರಲ್ಲಿಗೆ ಹೋಗಿ.

ರೊನ್ನಿ ಈ ಪತ್ರದ ಕರಡು ಓದಿ ಒಂದೇ ತಿದ್ದುಪಡಿ ಹೇಳಿದರು. ನಾನು "ಹಳೆಯ ಕ್ಯಾರವಾನ್" ಎಂದು ಬರೆದಿದ್ದೆ. "ಹಳೇದಲ್ಲ ವಿಬೆ, ಪಳಗಿದ್ದು ಅಂತ ಬರಿ" ಎಂದರು.

ಗುರುವಾರಕ್ಕಾಗಿ ಅವರು ಮಧ್ಯಾಹ್ನ ರಜೆ ಕೇಳಿದ್ದಾರೆ. ಬನ್ನು ಮಾಡಲು ಕಲಿತಿದ್ದಾರೆ. ಮೊದಲ ಸಲದ ಬನ್ನುಗಳನ್ನು ಚಕ್ರಕ್ಕೆ ಅಡ್ಡ ಇಟ್ಟಿದ್ದಾರಂತೆ, ಗಾಡಿ ಅಲ್ಲಾಡಿಲ್ಲವಂತೆ. ಎರಡನೇ ಸಲದವನ್ನು ಕಡಲಕಾಗೆಗಳು ತಿಂದವು, ಒಂದು ಕಾಗೆ ಹಾರುವುದಕ್ಕೆ ಸ್ವಲ್ಪ ಯೋಚಿಸಿತಂತೆ. ಮೂರನೇ ಸಲದವು ಚೆನ್ನಾಗಿದ್ದವು. ನಾನೇ ತಿಂದಿದ್ದೇನೆ.

ಈ ಬನ್ನಿನ ಕತೆಯೆಲ್ಲ ಸುತ್ತೋಲೆಗೆ ಮೊದಲಿನ ಮಾತು. ಸುತ್ತೋಲೆ ಮನೆಮನೆಗೂ ಹೋಯಿತಲ್ಲ, ಮಾರನೆಯ ದಿನ ರೊನ್ನಿ ಮಗಳನ್ನು ಕರೆದೊಯ್ಯಲು ಬಂದವರು ಟೋಪಿಯನ್ನು ಕೈಯಲ್ಲಿ ಮುದುರುತ್ತ, "ಬಿಡು, ನಾವು ಆ ಸಭಾಕೋಣೆಗೇ ಹೋಗ್ತೀವಿ. ತೊಂದ್ರೆ ಏನಿಲ್ಲ" ಎಂದರು. ತೊಂದರೆಯಿಲ್ಲ ಎಂದು ಹೇಳುವಾಗ ನಮ್ಮ ಊರಿನವರ ಮುಖ ಹೇಗಿರುತ್ತದೆಂದು ತಮಗೆ ಗೊತ್ತು. ತಿಲ್ದೆ ಅವರ ಪಕ್ಕದಲ್ಲಿ ನಿಂತು ಮಳೆಶೂ ಹಾಕಿಕೊಳ್ಳುತ್ತಿದ್ದಳು. ಎಡಗಾಲಿನದನ್ನು ಬಲಗಾಲಿಗೆ.

"ವಿಬೆ" ಎಂದಳು, ತಲೆ ಎತ್ತದೆ. "ಗುರುವಾರ ನಂಗೆ ಹೊಟ್ಟೆನೋವು ಬರುತ್ತೆ."

ಮಾನ್ಯರೇ, ಈ ಪತ್ರ ಬರೆಯಲು ಕಾರಣ ಆ ಒಂದು ವಾಕ್ಯ. ಉಳಿದದ್ದನ್ನೆಲ್ಲ ನಾನು ನಕ್ಕುಕೊಂಡು ಸುಮ್ಮನಿರುತ್ತಿದ್ದೆ. ಮುಂಚಿತವಾಗಿಯೇ ತಿಳಿಸಿದ ಹೊಟ್ಟೆನೋವು! ಆರು ದಿನ ಮೊದಲೇ ಗೊತ್ತುಮಾಡಿದ ಕಾಯಿಲೆ!

ಮಕ್ಕಳು ಹಣದ ವ್ಯತ್ಯಾಸ ನೋಡುವುದೇ ಇಲ್ಲ, ಅವರ ಮನಸ್ಸು ಹೂವಿನಂಥದ್ದು ಎಂದೆಲ್ಲ ನಾನು ಹೇಳಲಾರೆ. ನೋಡುತ್ತಾರೆ. ಯಾರ ಜಾಕೆಟ್ಟು ಅಣ್ಣನದು, ಯಾರು ಚಳಿಗಾಲದ ರಜೆಯಲ್ಲಿ ಪರ್ವತಕ್ಕೆ ಹೋದರು, ಯಾರು ಹೋದೆ ಎಂದು ಸುಳ್ಳು ಹೇಳಿದರು, ಎಲ್ಲವೂ ಅವರಿಗೆ ಗೊತ್ತು. ತಿಲ್ದೆ ಎರಡು ವರ್ಷ ನೋಡಿದ್ದಾಳೆ, ಅದಕ್ಕೇ ಎರಡು ವರ್ಷ ಕಾಯಿಲೆ ಬಿದ್ದಿದ್ದಾಳೆ. ತಮ್ಮ ಸಲಹೆಗಾರರು ಅಲ್ಲಿಯವರೆಗೆ ಸರಿಯಾಗಿಯೇ ನಡೆದಿದ್ದಾರೆ. ಆಮೇಲೆ ತಿರುಗಬೇಕಾದಲ್ಲಿ ತಿರುಗದೆ ನೇರ ಕಡಲಿಗೆ ಇಳಿದಿದ್ದಾರೆ. ತಿಲ್ದೆಯ ನಾಚಿಕೆ ಹೋದದ್ದು ಯಾರೂ ನೋಡದೆ ಇದ್ದುದರಿಂದಲ್ಲ. ನಾವೆಲ್ಲ ಎಷ್ಟು ಚೆನ್ನಾಗಿ ನೋಡದೆ ಇದ್ದೆವು! ಅದು ಹೋದದ್ದು ಒಬ್ಬರು ಎಷ್ಟು ಚಕ್ರ ಎಂದು ಕೇಳಿದಾಗ. ಮುಂದುಗಡೆ ಇನ್ನೊಂದು ಚಿಕ್ಕ ಚಕ್ರವಿದೆ ಎಂಬುದನ್ನು ಹೇಳಲು ಅವಳಿಗೊಂದು ಅವಕಾಶ ಸಿಕ್ಕಾಗ. ಪೆರ್ನಿಲ್ಲೆಯ ದೋಸೆ ಏಳಲಿಲ್ಲ, ಅಜ್ಜಿಯ ಡಬ್ಬಿ ಯಾರಿಗೂ ಬೇಡವಾಗಿತ್ತು, ನಿಜ. ಆದರೂ ಅವರಿಬ್ಬರೂ ಒಬ್ಬರ ಬಾಗಿಲನ್ನು ಇನ್ನೊಬ್ಬರಿಗೆ ತೆರೆದು ಎಡವಿದವರು. ತಾವು ಎಡವಬಾರದೆಂದು ಬಾಗಿಲನ್ನೇ ಮುಚ್ಚುತ್ತಿದ್ದೀರಿ.

ಹಾಗಾಗಿ ನನ್ನ ಬೇಡಿಕೆ ಇದು. ಗುರುವಾರದೊಳಗೆ ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಯಾವ ಮಗುವಿನ ಮನೆ ಆಡಲು ಯೋಗ್ಯ ಎಂಬುದನ್ನು ಆ ಮಗುವೇ ತೀರ್ಮಾನಿಸಲಿ. ಸಭಾಕೋಣೆಯನ್ನು ಸಭೆಗಳಿಗೇ ಇಟ್ಟುಕೊಳ್ಳಿ. ಆ ಪುದೀನ ಗುಳಿಗೆಗಳಿಗೂ ಒಂದು ಬದುಕಿದೆ. ಇಷ್ಟು ಬೇಗ ಹಿಂತೆಗೆದುಕೊಳ್ಳಲು ನಿಯಮವಿಲ್ಲವೆಂದಾದರೆ, ತಾವೇ ಗುರುವಾರ ಬನ್ನಿ. ಮನೆಯೊಳಗೆ ಹಾಕುವ ಚಪ್ಪಲಿ ಜೊತೆಗೆ ತನ್ನಿ, ನೆಲ ತಣ್ಣಗಿರುತ್ತದಂತೆ. ಆಸ್ಗರ್ ತನ್ನ ರಸಮಟ್ಟವನ್ನು ತಮ್ಮ ಕೈಗೆ ಒಂದು ಸಲ ಕೊಡಲು ಒಪ್ಪಿದ್ದಾನೆ, ಬೀಳಿಸದಿದ್ದರೆ. ಅಂದಹಾಗೆ, ಇಂದು ಅವನು ಅದನ್ನು ನನ್ನ ಮೇಜಿನ ಮೇಲಿದ್ದ ತಮ್ಮ ಸುತ್ತೋಲೆಯ ಮೇಲೂ ಇಟ್ಟು ನೋಡಿದ. ಗುಳ್ಳೆ ಒಂದೇ ಕಡೆಗೆ ಓಡಿಹೋಗಿ ಅಲ್ಲಿಯೇ ಕುಳಿತಿತು. ತಪ್ಪು ಮೇಜಿನದೂ ಇರಬಹುದು.

ನನ್ನ ನೇಮಕಾತಿ ತಾತ್ಕಾಲಿಕವೆಂಬುದೂ, ಜೂನ್ ಕೊನೆಗೆ ಅದನ್ನು ಮುಂದುವರಿಸುವ ಸಹಿ ತಮ್ಮದೇ ಎಂಬುದೂ ನನಗೆ ತಿಳಿದಿದೆ. ಮುಖ್ಯಶಿಕ್ಷಕರು ನಿನ್ನೆ ಅದನ್ನು ಇನ್ನೊಮ್ಮೆ ನೆನಪಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ನಾನು ಎಂದಿನಂತೆ ತಲೆಯಾಡಿಸಿದೆ. ನನ್ನ ತಲೆ ಯಾವ ಕಡೆಗೆ ವಾಲಿದೆಯೆಂದು ಅವರಿಗಿನ್ನೂ ಗೊತ್ತಿಲ್ಲ.

ಇಂದು ಶಾಲೆ ಬಿಡುವಾಗ ತಿಲ್ದೆಯ ಪಕ್ಕ ಮಂಡಿಯೂರಿ, ಶೂ ಸರಿಯಾದ ಕಾಲಿಗೆ ಹಾಕಿಸುತ್ತ, ಅವಳಿಗೆ ಮಾತ್ರ ಕೇಳುವಂತೆ ಹೇಳಿದೆ: ಗುರುವಾರ ಶಾಲೆ ಬಿಟ್ಟಕೂಡಲೇ ಆಸ್ಗರ್ ಮತ್ತು ಉಬಾಳನ್ನು ನಾನೇ ಕರೆದುಕೊಂಡು ಬರುತ್ತೇನೆ, ಅವರ ಅಮ್ಮಂದಿರು ಒಪ್ಪಿದ್ದಾರೆ, ಅಜ್ಜಿ ಕೂರಲು ಪೆರ್ನಿಲ್ಲೆಯ ಸೈಕಲ್ಲಿನ ಮುಂದಿನ ದೊಡ್ಡ ಪೆಟ್ಟಿಗೆಯಲ್ಲಿ ದಿಂಬು ಹಾಕಿಟ್ಟಿದೆ. ಸುತ್ತೋಲೆ ಇರಲಿ, ಇಲ್ಲದಿರಲಿ. ತಿಲ್ದೆ ಕಿಟಕಿಯ ಕಡೆ ನೋಡಿದಳು.

"ಮಳೆ ಬಂದ್ರೆ?" ಎಂದಳು. "ಮತ್ತೆ ವಾಲುತ್ತೆ."

"ಹಾಗಾದ್ರೆ ರಸಮಟ್ಟ ಹಿಡ್ಕೊಂಡು ಸ್ವಲ್ಪ ಬೇಗ ಬರ್ತೀವಿ" ಎಂದೆ.

ಇಂತಿ,
ಜೂನ್ ಕೊನೆಯವರೆಗಂತೂ ತಮ್ಮವಳು, ಗುರುವಾರ ಮಧ್ಯಾಹ್ನವೊಂದನ್ನು ಬಿಟ್ಟು ವಿಧೇಯಳು,
ಸಮುದ್ರದ ಕಡೆಗೆ ವಾಲಿರುವ ಶಾಲೆಯ ಎರಡನೇ ತರಗತಿಯ ಶಿಕ್ಷಕಿ